ವಾರ್ಡನ್ ಓದಿದ ನೋಟ್‌ಬುಕ್

ಮೂಡಬಿದ್ರೆಯ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಗ ನನಗೆ ಪಕ್ಕದ ಮಂಚದ ಹುಡುಗಿಯ ಮೇಲೆ ಪ್ರೀತಿಯಾಯಿತು. ಅವಳು ಬಂಟ್ವಾಳದ ಕಡೆಯವಳು. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಕೆಮಿಸ್ಟ್ರಿ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಒಂದು ಭಾನುವಾರ ಮೊಬೈಲ್ ಹುಡುಕಲು ಬಂದ ವಾರ್ಡನ್ನರ ಕೈಗೆ ಅದು ಸಿಕ್ಕಿತು. ಸಂಜೆ ಎಲ್ಲರೂ ಓದಲು ಕೂತಿದ್ದಾಗ ಅವರು ಅದನ್ನು ಗಟ್ಟಿಯಾಗಿ ಓದಿದರು. ಕೆಲವರು ನಕ್ಕರು. ಅವಳು ನಗಲಿಲ್ಲ, ಮರುದಿನ ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು.

ಆಮೇಲೆ ಮೆಸ್ಸಿನಲ್ಲಿ ನಾನು ಕೂತ ಬೆಂಚಿಗೆ ಯಾರೂ ಬರುತ್ತಿರಲಿಲ್ಲ. ನಾನು ಬಟ್ಟೆ ಒಗೆಯಲು ಹೋದರೆ ಕಲ್ಲಿನ ಹತ್ತಿರ ಇದ್ದವರು ಬಕೆಟ್ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಕ್ರಮೇಣ ಊಟ ಬಿಟ್ಟೆ. ಪಾಠ ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ.

ಗಮನಿಸಿದವರು ಬಯಾಲಜಿ ಮೇಡಂ ಒಬ್ಬರೇ. ನೋಟ್‌ಬುಕ್ಕಿನ ಸುದ್ದಿ ಅವರಿಗೂ ಮುಟ್ಟಿತ್ತು. ಲ್ಯಾಬ್ ಮುಗಿದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

"ಸರಿಯಾಗಿ ಊಟ ಮಾಡದೆ ಎಷ್ಟು ದಿನ ಆಯ್ತು?"

"ಹಸಿವಿಲ್ಲ ಮೇಡಂ."

"ಸಾಯ್ಬೇಕು ಅಂತ ಉಂಟಾ ಮನಸ್ಸಿನಲ್ಲಿ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅಳು ಬಂತು. ಅವರು ಸ್ಟೂಲ್ ಎಳೆದು ನನ್ನೆದುರು ಕೂತರು.

"ನನಗೆ ಈ ವಿಷಯ ಹೆಚ್ಚು ಗೊತ್ತಿಲ್ಲ, ನಿಜ ಹೇಳ್ತೇನೆ. ಆದರೆ ನೀನು ಎಂತ ತಪ್ಪೂ ಮಾಡ್ಲಿಲ್ಲ. ವಾರ್ಡನ್ ಅದನ್ನು ಓದಿದ್ದು ತಪ್ಪು. ಈಗಲೇ ಡಾಕ್ಟರ್ ಹತ್ತಿರ ಹೋಗುವ."

ಅವತ್ತೇ ಕರೆದುಕೊಂಡು ಹೋದರು. ಪರೀಕ್ಷೆ ಮುಗಿಯುವವರೆಗೆ ದಿನವೂ ಮಧ್ಯಾಹ್ನ ಲ್ಯಾಬಿನಲ್ಲಿ ನನ್ನ ಜೊತೆ ಕೂತು ಉಂಡರು. ಪ್ರಿನ್ಸಿಪಾಲರ ಹತ್ತಿರವೂ ದೂರು ಹೇಳಿದರು. ಏನೂ ಆಗಲಿಲ್ಲ. ವಾರ್ಡನ್ ಅಲ್ಲೇ ಉಳಿದರು, ನೋಟ್‌ಬುಕ್ ನನಗೆ ವಾಪಸು ಸಿಗಲಿಲ್ಲ.

ನಾನು ಪಾಸಾದೆ, ಡಿಗ್ರಿ ಮುಗಿಸಿ ಬಿ.ಎಡ್. ಮಾಡಿದೆ. ಈಗ ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಟೀಚರ್. ಹೋದ ವರ್ಷ ಸ್ಟಾಫ್ ರೂಮಿನಲ್ಲಿ ಒಂಬತ್ತನೇ ತರಗತಿಯ ಒಬ್ಬಳ ನಡಿಗೆಯನ್ನು ಅಣಕಿಸಿ ತಮಾಷೆ ಮಾಡುತ್ತಿದ್ದರು, ಗಂಡಿನ ಹಾಗೆ ನಡೆಯುತ್ತಾಳೆಂದು. ಮೊದಲ ದಿನ ನಾನು ತಲೆ ತಗ್ಗಿಸಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತೆ. ಎರಡನೇ ದಿನ ಪೆನ್ ಕೆಳಗಿಟ್ಟೆ.

"ಆ ಮಗುವಿನ ಬಗ್ಗೆ ಹಾಗೆ ಮಾತಾಡುವುದು ಬೇಡ."

ಹಿರಿಯ ಟೀಚರೊಬ್ಬರು ನನ್ನನ್ನೇ ನೋಡಿ ಕೇಳಿದರು:

"ನಿಮಗೆಂತ ಅಷ್ಟು ಬೇಸರ ಟೀಚರ್?"

ನಿಜವಾದ ಉತ್ತರ ನನ್ನಲ್ಲೇ ಉಳಿಯಿತು. "ಹೆಣ್ಣು ಮಗು ಅಲ್ವಾ, ಪಾಪ" ಎಂದಷ್ಟೇ ಹೇಳಿ ಎದ್ದು ಒಂಬತ್ತನೇ ಕ್ಲಾಸಿಗೆ ಹೋದೆ. ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಹತ್ತಿರ ಹೋಗಿ, ಊಟ ಮಾಡಿದ್ದಾಳೋ ಇಲ್ಲವೋ ಎಂದು ಅವಳನ್ನೇ ವಿಚಾರಿಸಿದೆ.