ಮೊದಲಿನ ಫೋಟೊ

ವಿಜಯಪುರದ ಕಡೆಯಿಂದ ಠಾಣೆ ನಗರಕ್ಕೆ ದುಡಿಯಲು ಬಂದ ರೇವಣಸಿದ್ದನಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ವಾರವಿಡೀ ಮೂಟೆ ಹೊತ್ತವನು ರಜೆಯ ದಿನ ತಾನು ಬಾಡಿಗೆಗಿದ್ದ ಚಾಳಿನ ಹಿಂದಿನ ಕೆರೆಗಿಳಿದು ಕಸ ಎತ್ತುತ್ತಿದ್ದ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿಗೆಸೆಯುವವರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ಎಂಟು ವರ್ಷ ಬೈದದ್ದೇ ಬಂತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

೨೦೧೪ರಲ್ಲಿ ಒಂದು ಸಂಸ್ಥೆ ಕೆರೆ ಶುಚಿ ಮಾಡುವ ಇಂಥವರಿಗೆ ಸಣ್ಣ ಅನುದಾನ ಕೊಡಲು ಮುಂದೆ ಬಂತು. ಬಲೆ, ಕೈಗವಸು, ಒಂದು ಪುಟ್ಟ ದೋಣಿ ಕೊಳ್ಳುವಷ್ಟು. ಒಂದು ಭಾನುವಾರ ಬೆಳಿಗ್ಗೆ ಸಂಸ್ಥೆಯ ಸೋನಾಲಿ ಮೇಡಂ ಕ್ಯಾಮೆರಾ ಹಿಡಿದು ಬಂದರೆ ಕೆರೆಯಲ್ಲಿ ಒಂದು ಎಲೆಯೂ ಇಲ್ಲ! ಮೇಡಂ ಬರುವವರೆಗೂ ತಡೆದುಕೊಳ್ಳಲಾಗದೆ ರೇವಣಸಿದ್ದ ನಸುಕಿನಲ್ಲೇ ಇಳಿದು ಎಲ್ಲ ಬಾಚಿ ಹಾಕಿದ್ದ.

"ಅರೇ ಭಾವೂ, ಸ್ವಚ್ಛ ಮಾಡೋ ಮೊದಲಿನ ಫೋಟೊನೂ ಬೇಕು. ಕಸಾನೇ ಕಾಣದಿದ್ದರೆ ಅನುದಾನ ಹೇಗೆ ಕೊಡೋದು?" ಎಂದು ಮೇಡಂ ಮರಾಠಿಯಲ್ಲಿ ಕೇಳಿ ಗಡಿಯಾರ ನೋಡಿಕೊಂಡರು.

ರೇವಣಸಿದ್ದ ಕಸ ಹುಡುಕುತ್ತ ದಂಡೆಯುದ್ದಕ್ಕೂ ಅಲೆದ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಅನಸೂಯವ್ವ ಹೂವಿನ ಚೀಲ ಹಿಡಿದು ಬಂದಳು. ಅವನು ಉಸಿರು ಬಿಗಿಹಿಡಿದು ನಿಂತ. ಎಸೆಯಲು ಎತ್ತಿದ ಕೈ ಅವನನ್ನು ಕಂಡು ಅಲ್ಲೇ ನಿಂತಿತು.

"ಬೈಬ್ಯಾಡಪ್ಪ, ಇನ್ನ ಮ್ಯಾಲ ಒಗಿಯಂಗಿಲ್ಲ," ಎಂದು ಆಕೆ ತಿರುಗಿದಳು.

"ಯವ್ವಾ, ಇದೊಂದ್ ಸಲ ಒಗಿಯಬೇ!"

ಅಣಕಿಸುತ್ತಿದ್ದಾನೆಂದುಕೊಂಡ ಮುದುಕಿ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಟ ಕಿತ್ತಳು. ಕೈಮುಗಿದುಕೊಂಡು ರೇವಣಸಿದ್ದ ಅವಳ ಬೆನ್ನು ಹತ್ತಿದ.