ಒಂದೇ ಕೂಗಿನ ಮನೆ

ಶಿವನಿಯಲ್ಲಿ ಇಳಿದು ಯಶೋದಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಸ್ಟೇಷನ್ ಕಡೆಯ ಜನ ತಕ್ಷಣ ದಾರಿ ತೋರಿಸುವುದಿಲ್ಲ. "ಯಾವ ಯಶೋದಮ್ಮ? ಒಂದೇ ಕೂಗಿನ ಯಶೋದಮ್ಮನಾ?" ಎಂದು ಮರುಪ್ರಶ್ನೆ ಹಾಕುತ್ತಾರೆ. ಅದು ಹೊಗಳಿಕೆಯೋ ಕುಹಕವೋ ಎಂಬುದನ್ನು ಕೇಳಿದವರು ತಾವೇ ತೀರ್ಮಾನಿಸಿಕೊಳ್ಳಬೇಕು. ಯಶೋದಮ್ಮ ಮಾತ್ರ ಬಹಳ ವರ್ಷ ಅದನ್ನು ಹೊಗಳಿಕೆಯೆಂದೇ ನಂಬಿದ್ದಳು.

ಆ ಕಡೆಯ ಹಳ್ಳಿಗಳಲ್ಲಿ ಒಂದು ಪದ್ಧತಿಯಿದೆ. ದೀಪ ಹಚ್ಚುವ ಹೊತ್ತಾದ ಮೇಲೆ ಹೊರಗಿನಿಂದ ಯಾರು ಹೆಸರು ಹಿಡಿದು ಕೂಗಿದರೂ ಮೊದಲ ಕೂಗಿಗೆ ಓಗೊಡಬಾರದು. ಎರಡನೆಯದಕ್ಕೂ ಬಾಯಿ ಬಿಡಬಾರದು. ಮೂರನೆಯದೂ ಬಂತೆಂದರೆ ಕೂಗುತ್ತಿರುವುದು ಮನುಷ್ಯರೇ ಎಂದು ಧೈರ್ಯವಾಗಿ ಏಳಬಹುದು. ಅದಕ್ಕೆ, ಆ ಇನ್ನೊಂದಕ್ಕೆ, ಮೂರು ಸಲ ಕೂಗುವ ತ್ರಾಣವಿಲ್ಲವಂತೆ. ಆದರೆ ಕೂಗುವುದು ಮಾತ್ರ ನಮಗೆ ಬೇಕಾದವರ ದನಿಯಲ್ಲೇ ಅಂತೆ. ಇದನ್ನು ಯಾರೂ ಯಾರನ್ನೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮಕ್ಕಳು ನಡೆಯುವುದನ್ನು ಕಲಿತ ಹಾಗೆ ಇದನ್ನೂ ಕಲಿತಿರುತ್ತಾರೆ.

ತರೀಕೆರೆ ಪೇಟೆಯಲ್ಲಿ ಹುಟ್ಟಿ ಬೆಳೆದ ಯಶೋದಮ್ಮನಿಗೆ ಇದು ಸುತರಾಂ ಹಿಡಿಸಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಮನೆಯವಳು. ಮೂರನೇ ಕೂಗಿಗೆ ಕಾದು ಕೂತರೆ ಬಸ್ಸು ಬೀರೂರು ಮುಟ್ಟಿರುತ್ತದೆ ಎನ್ನುವವಳು. ಹೊಸ ಸೊಸೆಯಾಗಿ ಬಂದಾಗ, ಅತ್ತೆ ಮಲ್ಲಿಕಾಂಬ ಸಂಜೆ ಜಗಲಿಯ ಮೇಲೆ ಕೂತು ಕೇಳಿಯೂ ಕೇಳದವರಂತೆ ಇರುವುದನ್ನು ಕಂಡು ಅವಳ ಮೈ ಉರಿದುಹೋಗಿತ್ತು. ಸೋಮಾರಿತನಕ್ಕೆ ದೆವ್ವದ ನೆಪ ಎಂದು ಗಂಡ ಹಾಲೇಶನ ಮುಂದೆ ಗೊಣಗಿದ್ದಳು. ಮಗಳು ಧನ್ಯಶ್ರೀಯನ್ನು ಬೆಳೆಸುವಾಗ ಆ ಹಟವನ್ನೆಲ್ಲ ತೀರಿಸಿಕೊಂಡಳು.

"ಕರೆದ ತಕ್ಷಣ ಬಂದೆ ಅಮ್ಮಾ ಅನ್ಬೇಕು ಕಣೇ. ಮೂರ್ಮೂರು ಸಲ ಕೂಗೋಕೆ ನನ್ಗೇನು ಬೇರೆ ಕೆಲ್ಸ ಇಲ್ವಾ?"

ಹುಡುಗಿ ಹಾಗೆಯೇ ಬೆಳೆದಳು. ಹಿತ್ತಲಲ್ಲಿರಲಿ, ಅಟ್ಟದ ಮೇಲಿರಲಿ, ಅಮ್ಮನ ಬಾಯಿಂದ ಹೆಸರು ಪೂರ್ತಿ ಹೊರಡುವ ಮೊದಲೇ "ಬಂದೆ ಅಮ್ಮಾ" ಕೇಳುತ್ತಿತ್ತು. ಕೇರಿಯವರು ಆ ಮನೆಗೆ ಹೆಸರಿಟ್ಟದ್ದು ಆಗಲೇ.

ಧನ್ಯಶ್ರೀ ಅಜ್ಜಂಪುರದ ಕಾಲೇಜಿಗೆ ಹೋಗುತ್ತಿದ್ದ ವರ್ಷ, ಆಷಾಢದ ಒಂದು ಮುಸ್ಸಂಜೆ, ಯಶೋದಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಡುಮನೆಯಿಂದ ಮಗಳ ದನಿ ಕೇಳಿತು. "ಬಂದೆ ಅಮ್ಮಾ." ಆಮೇಲೆ ಹಿತ್ತಲ ಬಾಗಿಲು ತೆರೆದ ಸದ್ದು. ಯಶೋದಮ್ಮ ಕರೆದಿರಲಿಲ್ಲ. ಇವಳಿಗೇನು ಕಿವಿಯಲ್ಲಿ ಗಾಳಿ ಹೊಕ್ಕಿದೆಯೋ ಅಂದುಕೊಂಡು, ರೊಟ್ಟಿ ಸೀದೀತೆಂದು ತಿರುವಿ ಹಾಕಿದಳು. ಮಗಳು ಸಿಕ್ಕಿದ್ದು ಹಿತ್ತಲಾಚೆಯ ತೆಂಗಿನ ತೋಟದ ಹಾಳುಬಾವಿಯಲ್ಲಿ.

ಕಾಲು ಜಾರಿರಬೇಕು ಎಂದರು ಪೊಲೀಸರು. ಹಾಲೇಶನೂ ಹಾಗೇ ಅಂದ. ಊರು ಏನೂ ಅನ್ನಲಿಲ್ಲ, ಅದೇ ಯಶೋದಮ್ಮನನ್ನು ಸುಟ್ಟಿತು. ಬಾವಿಯ ಮೇಲೆ ಜಿಂಕ್ ಶೀಟು ಹಾಸಿ ಕಲ್ಲು ಹೇರಿದರು. ಮುಚ್ಚಿಸಿಬಿಡೋಣ ಎಂದು ಹಾಲೇಶ ಎಷ್ಟು ಸಲ ಹೇಳಿದರೂ ಅವಳು ಒಪ್ಪಲಿಲ್ಲ. ಮಗಳು ಕೊನೆಗೆ ಇದ್ದ ಜಾಗಕ್ಕೆ ಮಣ್ಣು ಸುರಿಯಲು ಯಾವ ತಾಯಿ ಒಪ್ಪುತ್ತಾಳೆ? ಆ ಮನೆಯಲ್ಲಿ ಮಗಳ ಹೆಸರನ್ನು ಯಾರೂ ಎತ್ತಲಿಲ್ಲ. ಯಶೋದಮ್ಮ ಕೇರಿಯ ಹೆಂಗಸರನ್ನು ಸೇರಿಸಿ ರೊಟ್ಟಿ, ಚಟ್ನಿಪುಡಿಯ ಸಂಘ ಕಟ್ಟಿದಳು. ಅವರ ಕಟಕ್ ರೊಟ್ಟಿ ತರೀಕೆರೆ ಬಸ್‌ಸ್ಟ್ಯಾಂಡಿನ ಅಂಗಡಿಗಳವರೆಗೆ ಹೋಯಿತು. ದುಡಿದು ದುಡಿದು ಸುಸ್ತಾಗಿ ಬಿದ್ದುಕೊಳ್ಳುವುದೇ ಅವಳಿಗೆ ಬೇಕಾಗಿತ್ತು.

ಹೀಗೆ ಐದು ವರ್ಷ ಕಳೆದ ಮೇಲೆ ಅಜ್ಜಂಪುರದ ಪ್ರಸನ್ನಕುಮಾರ್ ಬಂದರು. ಅವರದೊಂದು ಟ್ರಸ್ಟು. ಬೇರೆ ಬೇರೆ ದೇಶದ ಕಾಲೇಜು ಹುಡುಗ ಹುಡುಗಿಯರು ತಮ್ಮ ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬಂದು, ಬೆಳಿಗ್ಗೆ ಶಾಲೆಯಲ್ಲಿ ಪಾಠ ಹೇಳಿ, ಮಧ್ಯಾಹ್ನ ಯಾವುದಾದರೂ ಕೆಲಸ ಕಲಿತು, ಒಬ್ಬರ ಮನೆಯಲ್ಲಿ ಮನೆಯವರಂತೆ ಇರುವ ಏರ್ಪಾಡು. ಜನ ಮುಗಿಬಿದ್ದಿದ್ದರು. ಕಡೂರಿನವರು ಸ್ವಾಗತದ ಫ್ಲೆಕ್ಸ್ ಕಟ್ಟಿಸಿದ್ದರು. ತರೀಕೆರೆಯ ಮಂಡಿ ಮಾಲೀಕರೊಬ್ಬರು ತಮ್ಮ ಮನೆಗೆ ಇಬ್ಬರಾದರೂ ಬೇಕೆಂದು ಹಟ ಹಿಡಿದಿದ್ದರು, ಎಮ್ಮೆ ಕೊಳ್ಳಲು ಬಂದವರ ಹಾಗೆ.

"ಯಶೋದಕ್ಕ, ಒಂದು ಹುಡುಗಿ ನಿಮ್ಮ ಸಂಘದಲ್ಲೇ ಕೆಲ್ಸ ಕಲೀಲಿ, ನಿಮ್ಮನೇಲೇ ಇರ್ಲಿ. ನೀರು ಕಾಯ್ಸಿ ಕೊಡಿ, ಖಾರ ಕಮ್ಮಿ ಹಾಕಿ, ಅಷ್ಟೇ ಕಣ್ರೀ," ಅಂದರು ಪ್ರಸನ್ನಕುಮಾರ್. ಯಶೋದಮ್ಮ ಒಲ್ಲೆ ಎನ್ನಲು ಬಾಯಿ ತೆರೆದಳು. ಬಂದದ್ದು ಹೂಂ.

ಕಜಾಕಿಸ್ತಾನದ ಹುಡುಗಿ ಬೀರೂರಿನ ಕಡೆಯಿಂದ ಬಂದ ರೈಲಿನಿಂದ ಇಳಿದಳು. ಸಂಘದ ಹೆಂಗಸರೆಲ್ಲ ಆರತಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ದುಂಡು ಮುಖ, ಎರಡು ಜಡೆ, ಹೆಸರು ಐಗೆರಿಮ್. ಆ ಹೆಸರು ಹೆಂಗಸರ ನಾಲಿಗೆಗೆ ಒಗ್ಗಲಿಲ್ಲ. ನಗಾಡಿದರು, ನಮ್ಮ ಕಡೆಯ ಹೆಸರೊಂದು ಇಟ್ಟುಬಿಡೋಣ ಎಂದರು. ಯಾರೋ ಗಂಗಾ ಎಂದರು, ಯಾರೋ ಗೌರಿ ಎಂದರು. ಯಶೋದಮ್ಮ ಹುಡುಗಿಯ ಜಡೆಗಳನ್ನೇ ನೋಡುತ್ತ, "ಧನ್ಯಾ," ಎಂದಳು.

ಆರತಿ ತಟ್ಟೆ ಹಿಡಿದಿದ್ದ ಮಲ್ಲಿಕಾಂಬನ ಕೈ ಅಲ್ಲೇ ನಿಂತಿತು. ಉಳಿದವರು ನೆಲ ನೋಡಿದರು. ಹುಡುಗಿ ಮಾತ್ರ ಕೈಮುಗಿದು ನಕ್ಕಳು.

ಆ ಮನೆಯವರು ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟರು. ಹೊಸಲ ಮೇಲೆ ಕೂರಬಾರದು, ಎಡಗೈಯಲ್ಲಿ ಕೊಡಬಾರದು, ಮನೆಯೊಳಗೆ ಶಿಳ್ಳೆ ಹಾಕಬಾರದು. ಅರ್ಧ ಕೈಸನ್ನೆ, ಅರ್ಧ ಯಶೋದಮ್ಮನ ಎಸ್ಸೆಸ್ಸೆಲ್ಸಿ ಇಂಗ್ಲಿಷು. ಮೂರು ಕೂಗಿನ ಮಾತನ್ನು ಮಾತ್ರ ಯಾರೂ ಹೇಳಲಿಲ್ಲ. ಅದನ್ನೂ ಹೇಳಿಕೊಡಬೇಕಾಗುತ್ತದೆ ಎಂದು ಮಲ್ಲಿಕಾಂಬನಿಗೆ ಹೊಳೆಯಲೇ ಇಲ್ಲ. ಯಶೋದಮ್ಮನಂತೂ ಮೊದಲ ದಿನವೇ ಕಲಿಸಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು. "ಈ ಮನೇಲಿ ಒಂದೇ ಕೂಗು. ಕರೆದ ತಕ್ಷಣ ಬಂದೆ ಅಮ್ಮಾ ಅನ್ಬೇಕು, ತಿಳೀತಾ?"

ಹುಡುಗಿ ಕಲಿತ ಮೊದಲ ಕನ್ನಡ ಅದೇ. ಪೆಟ್ಟಿಗೆಯಲ್ಲಿದ್ದ ಧನ್ಯಶ್ರೀಯ ಚೂಡಿದಾರಗಳನ್ನು ಯಶೋದಮ್ಮ ಹೊರಗೆ ತೆಗೆದಳು. ಒಂದು ಹೊಲಿಗೆ ಬಿಚ್ಚದೆ, ಒಂದು ಹೊಲಿಗೆ ಹಾಕದೆ ಹುಡುಗಿಯ ಮೈಗೆ ಕೂತವು. ಅವಳು ಓದಲು ಕೂರುತ್ತಿದ್ದದ್ದು ಧನ್ಯಶ್ರೀ ಕೂರುತ್ತಿದ್ದ ಕಿಟಕಿಯಲ್ಲೇ. ಹೇಳಿಕೊಟ್ಟವರು ಯಾರೂ ಇಲ್ಲ. ಯಶೋದಮ್ಮ ಕೆಲಸವಿರಲಿ ಬಿಡಲಿ ದಿನಕ್ಕೆಷ್ಟೋ ಸಲ ಕೂಗುತ್ತಿದ್ದಳು. "ಬಂದೆ ಅಮ್ಮಾ" ಕೇಳಿದಾಗಲೆಲ್ಲ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಅವಳು ಆ ದಿನಗಳಲ್ಲಿ ಸುಖವಾಗಿದ್ದಳು, ಅದನ್ನು ಮುಚ್ಚಿಡುವುದೇಕೆ.

ಮಲ್ಲಿಕಾಂಬನಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. "ಇಲ್ದಿರೋಳ ಹೆಸರು ಹಿಡ್ದು ದೀಪದ ಹೊತ್ತಲ್ಲಿ ಕೂಗ್ತೀಯಲ್ಲೇ. ಯಾರ್ಯಾರಿಗೆ ಕೇಳ್ಸುತ್ತೋ ನಿಂಗೇನ್ ಗೊತ್ತು?" ಎಂದಳು. ಸೊಸೆ ಕೇಳಿಸಿಕೊಳ್ಳದವಳಂತೆ ಹಿಟ್ಟು ನಾದಿದಳು.

ಒಂದು ದಿನ ಯಶೋದಮ್ಮ ರೊಟ್ಟಿಯ ಕಟ್ಟುಗಳನ್ನು ಹೊತ್ತು ತರೀಕೆರೆಗೆ ಹೋಗಿ ಕೊನೆಯ ಬಸ್ಸಿಗೆ ವಾಪಸಾದಳು. ಪಕ್ಕದ ಮನೆಯ ಕಮಲಾಕ್ಷಮ್ಮ ಬೇಲಿಯಾಚೆಯಿಂದ ಕೇಳಿದಳು: "ಯಶೋದಕ್ಕ, ಆಗ್ಲೇ ದೀಪ ಹಚ್ಚೋ ಹೊತ್ತಲ್ಲಿ ತೋಟದಲ್ಲಿ ನಿಂತು ಹುಡುಗೀನ ಎರಡು ಸಲ ಕೂಗಿದ್ರಲ್ಲ, ಅವಳು ಇನ್ನೂ ಮನೆಗೆ ಬಂದಿರ್ಲಿಲ್ವಾ?"

ಯಶೋದಮ್ಮ ಕೈಚೀಲವನ್ನು ಕೆಳಗಿಟ್ಟಳು. "ನಾನು ತರೀಕೆರೆಗೆ ಹೋಗಿದ್ದೆ ಕಣೇ," ಎಂದಳು. ಕಮಲಾಕ್ಷಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ತೋಟಕ್ಕೆ ಹೋಗಿ ನೋಡಿದರೆ ಜಿಂಕ್ ಶೀಟಿನ ಮೇಲಿನ ಕಲ್ಲುಗಳು ಕೆಳಗಿದ್ದವು. ಆಷಾಢದ ಗಾಳಿ ಎಂದ ಹಾಲೇಶ. ಗಾಳಿ ಉರುಳಿಸಿದ ಕಲ್ಲು ಚೆಲ್ಲಾಪಿಲ್ಲಿಯಾಗಿರಬೇಕಲ್ಲ? ಇವು ಬಾವಿಯ ಪಕ್ಕದಲ್ಲಿ ಸಾಲಾಗಿದ್ದವು. ಹಾಲೇಶ ಅವನ್ನು ಮತ್ತೆ ಹೇರಿ ಮನೆಗೆ ಬಂದ.

ಯಶೋದಮ್ಮನಿಗೆ ಹೆದರಿಕೆಯಾಗಬೇಕಿತ್ತು. ಆಯಿತು ಕೂಡ. ಆದರೂ ಹೆಸರು ಬಿಡಲು ಮನಸ್ಸು ಬರಲಿಲ್ಲ. ಬಿಟ್ಟರೆ ಮಗಳು ಎರಡನೇ ಸಲ ಹೋದ ಹಾಗೆ ಎನ್ನಿಸುತ್ತಿತ್ತು.

ಆ ವಾರವೇ ಒಂದು ಮುಸ್ಸಂಜೆ. ಹೊರಗೆ ತೆಂಗಿನ ಗರಿಗಳನ್ನು ಗಾಳಿ ಎಳೆದಾಡುತ್ತಿತ್ತು. ಕಾವಲಿಯ ಮೇಲೆ ರೊಟ್ಟಿ ಬೇಯುತ್ತಿತ್ತು. ನಡುಮನೆಯಿಂದ ದನಿ ಬಂತು.

"ಬಂದೆ ಅಮ್ಮಾ."

ಯಶೋದಮ್ಮ ಕರೆದಿರಲಿಲ್ಲ.

ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಈ ಸಲ ಅವಳು ರೊಟ್ಟಿ ತಿರುವಿ ಹಾಕಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದಳು. ತೋಟದ ನಡುವೆ ಹುಡುಗಿ ಆತುರವಿಲ್ಲದೆ ನಡೆದುಹೋಗುತ್ತಿದ್ದಳು, ಕರೆದವರ ಹತ್ತಿರ ಹೋಗುವ ಹಾಗೆ. ಮೈಮೇಲೆ ಧನ್ಯಶ್ರೀಯ ನೀಲಿ ಚೂಡಿದಾರ. ಜಿಂಕ್ ಶೀಟು ಅಷ್ಟು ದೂರದಲ್ಲಿ ಬಿದ್ದಿತ್ತು, ಬಾವಿ ಬಾಯಿ ತೆರೆದಿತ್ತು. ಆಚೆಯ ಕತ್ತಲಿನಿಂದ ಒಂದು ಕೂಗು ಬಂತು.

"ಧನ್ಯಾ..."

ಅದು ಯಶೋದಮ್ಮನ ದನಿ. ಅದೇ ತರೀಕೆರೆಯ ರಾಗ, ಕೊನೆಯಲ್ಲಿ ಅದೇ ಎಳೆತ. ತನ್ನ ದನಿ ಹೊರಗಿನಿಂದ ಕೇಳಿದರೆ ಹೇಗಿರುತ್ತದೆಂದು ಅವಳಿಗೆ ಗೊತ್ತಾದದ್ದು ಅವತ್ತೇ. ಅದರಲ್ಲಿ ಎಷ್ಟು ಅಕ್ಕರೆಯಿತ್ತೆಂದರೆ ಅವಳಿಗೇ ಅತ್ತ ಹೋಗಿಬಿಡೋಣ ಎನ್ನಿಸಿತು.

ಧನ್ಯಾ ಎಂದು ಕಿರುಚಲು ಬಾಯಿ ತೆರೆದವಳು ತಡೆದುಕೊಂಡಳು. ಅದೇ ಹೆಸರು, ಅದೇ ದನಿ. ತಾನೂ ಹಾಗೇ ಕೂಗಿದರೆ ಆ ಮಗುವಿಗೆ ಎರಡು ಕೂಗಿನಲ್ಲಿ ವ್ಯತ್ಯಾಸ ಹೇಗೆ ತಿಳಿಯಬೇಕು? ಆ ಇನ್ನೊಂದಕ್ಕೆ ಗೊತ್ತಿಲ್ಲದ್ದನ್ನೇ ಕೂಗಬೇಕಿತ್ತು. ಹುಡುಗಿಯ ಸ್ವಂತ ಹೆಸರು, ಅವಳ ಹೆತ್ತವರು ಇಟ್ಟದ್ದು. ಇಷ್ಟು ದಿನ ಮನೆಯಲ್ಲಿಟ್ಟುಕೊಂಡು ಅದನ್ನು ಒಂದು ಸಲವಾದರೂ ನಾಲಿಗೆಯ ಮೇಲೆ ತಂದುಕೊಂಡಿರಲಿಲ್ಲ ಯಶೋದಮ್ಮ.

"ಐ... ಐಗೆ..." ಮೊದಲ ಸಲ ಹೆಸರು ಮುರಿದುಹೋಯಿತು. ಹುಡುಗಿ ನಡೆಯುತ್ತಲೇ ಇದ್ದಳು. "ಐಗೆರಿ..." ಎರಡನೆಯ ಸಲ ಗಾಳಿ ನುಂಗಿತು. ಆಚೆಯಿಂದ ಮೂರನೆಯ "ಧನ್ಯಾ" ಬರಲಿಲ್ಲ.

"ಐಗೆರಿಮ್!"

ಹುಡುಗಿ ನಿಂತಳು. ತಿರುಗಿದಳು. ಹಿಂದೆ ಯಶೋದಮ್ಮ ನಿಂತಿದ್ದಾಳೆ. ಮುಂದೆ ಯಾರಿದ್ದಾರೆಂದು ನೋಡಲು ಮತ್ತೆ ತಿರುಗಿದಾಗ ಅವಳ ಕಾಲ ಬಳಿಯ ಮಣ್ಣು ಬಾವಿಗೆ ಉದುರಿತು. ಯಶೋದಮ್ಮ ಅವಳ ಎರಡೂ ಜಡೆ ಹಿಡಿದು ಎಳೆದುಕೊಂಡಳು. ನೋವಾಗುತ್ತದೆಂದು ಯೋಚಿಸುವ ಹೊತ್ತು ಅದಲ್ಲ.

ಒಳಗೆ ಕೂರಿಸಿ ಮಲ್ಲಿಕಾಂಬ ಹಣೆಗೆ ವಿಭೂತಿ ಹಚ್ಚಿದಳು. ಮೂರು ಕೂಗಿನ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹುಡುಗಿ ಬೆಚ್ಚಗಿನ ಹಾಲಿನ ಲೋಟ ಹಿಡಿದು, ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: "ಗೊತ್ತು ಅಜ್ಜಿ. ನಮ್ಮ ಅಜ್ಜಿನೂ ಹೇಳ್ತಾರೆ. ಕತ್ತಲೆಯಲ್ಲಿ ಕರೆದರೆ ಮಾತಾಡಬೇಡ." ಆಮೇಲೆ ಯಶೋದಮ್ಮನ ಕಡೆ ನೋಡಿದಳು. "ಆದರೆ ಅಮ್ಮ ಹೇಳಿದರು, ಈ ಮನೆ ಒಂದೇ ಕೂಗು. ಅಮ್ಮನಿಗೆ ಬೇಜಾರು ಬೇಡ ಅಂತ..."

ಮಗಳ ಹೆಣದ ಮುಂದೆಯೂ ಬಾಯಿಬಿಟ್ಟು ಅಳದ ಯಶೋದಮ್ಮ ಅವತ್ತು ಅತ್ತಳು. ಒಲೆಯ ಮೇಲೆ ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಗಿತ್ತು.

ಉಳಿದ ದಿನಗಳಲ್ಲಿ ಅವಳನ್ನು ಐಗೆರಿಮ್ ಎಂದೇ ಕರೆದರು. ಶಾಲೆಯ ಮಕ್ಕಳಿಗೆ ಅದು ಒಂದು ಬೆಳಗಿನ ಕೆಲಸವಾಯಿತು. ದೊಡ್ಡವರಿಗೇ ತಡವಾದದ್ದು. ಹೊರಡುವ ದಿನ ಯಶೋದಮ್ಮ ಹೊಸ ಸೀರೆ ತಂದು, ತವರಿಂದ ಹೊರಟ ಮಗಳಿಗೆ ತುಂಬುವ ಹಾಗೆ ಮಡಿಲು ತುಂಬಿದಳು. ಧನ್ಯಶ್ರೀಯ ಬಟ್ಟೆಗಳು ಪೆಟ್ಟಿಗೆಗೆ ಮರಳಿದವು. ರೈಲು ಹೊರಟ ಮೇಲೆ ಅವಳೇ ಹಾಲೇಶನಿಗೆ ಟ್ರ್ಯಾಕ್ಟರ್ ತರಿಸಲು ಹೇಳಿದಳು. ಬಾವಿಗೆ ಮಣ್ಣು ಬಿತ್ತು.

ಈ ವರ್ಷವೂ ಪ್ರಸನ್ನಕುಮಾರ್ ಬಂದು ಕೇಳಿದರು. ಯಶೋದಮ್ಮ ಹುಡುಗಿಯರನ್ನು ಸಂಘದಲ್ಲಿ ಕೆಲಸಕ್ಕೆ ಸೇರಿಸಿಕೊಂಡಳು, ಹೆಸರುಗಳನ್ನು ಹೇಳಿಸಿ ಹೇಳಿಸಿ ಕಲಿತಳು. ಮನೆಯಲ್ಲಿ ಮಾತ್ರ ಇಳಿಸಿಕೊಳ್ಳಲಿಲ್ಲ.

ಈಗ ಸಂಜೆ ರೊಟ್ಟಿ ಬೇಯಿಸುವ ಹೊತ್ತಿಗೆ ತೋಟದ ಕಡೆಯಿಂದ ಕೂಗು ಬರುತ್ತದೆ. ಅದು ಯಶೋದಮ್ಮನ ದನಿಯಲ್ಲ. ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯ ದನಿ. "ಅಮ್ಮಾ," ಎನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ, "ಅಮ್ಮಾ." ಒಂದೇ ಕೂಗಿಗೆ ಓಗೊಡಬೇಕೆಂದು ಮಗಳಿಗೆ ಕಲಿಸಿದ ತಾಯಿ ಹಲ್ಲು ಕಚ್ಚಿಕೊಂಡು ಕಾವಲಿಯನ್ನೇ ನೋಡುತ್ತ ಕೂತಿರುತ್ತಾಳೆ. ಮೂರನೆಯದು ಬಂದರೆ ಹೋಗುತ್ತೇನೆ, ಆಗ ಯಾರೂ ತಡೆಯಬೇಡಿ ಎಂದು ಮನೆಯವರಿಗೆ ಹೇಳಿದ್ದಾಳೆ. ಆ ಹೊತ್ತಿಗೆ ಮಲ್ಲಿಕಾಂಬ ಬಂದು ಒಲೆಯ ಪಕ್ಕ ಕೂರುತ್ತಾಳೆ. ಸೊಸೆಯ ಸೆರಗಿನ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು, ದೀಪ ಆರುವ ತನಕ ಬಿಡುವುದಿಲ್ಲ.