ಮೆಹನಾಜಳ ಕ್ಲಾಸಿನ ಹಿಂದಿನ ಬೆಂಚು

ಊಟಕ್ಕೆ ಕುಳಿತಾಗ ಫೋನ್ ಬಂದರೆ ಭೂಸನೂರದ ಅಮರನಾಥನಿಗೆ ಸಿಟ್ಟು ಬರುತ್ತಿತ್ತು. ಬಾರದಿದ್ದರೆ ಊಟವೇ ರುಚಿಸುತ್ತಿರಲಿಲ್ಲ.

ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ನೋಡಿಕೊಳ್ಳುವುದು ಅವನ ನೌಕರಿ. ದೊಡ್ಡದೆಂದರೆ ಒಂದೇ ಯಂತ್ರವಲ್ಲ. ತಣ್ಣಗಿನ ಕೋಣೆಯೊಂದರಲ್ಲಿ ಕಪಾಟುಗಳ ಹಾಗೆ ನಿಂತು ಒಟ್ಟಿಗೆ ಲೆಕ್ಕ ಮಾಡುವ ಯಂತ್ರಗಳ ಸಾಲು. ಆಳಂದ, ಅಫಜಲಪುರ, ಜೇವರ್ಗಿ ಕಾಲೇಜುಗಳಲ್ಲಿದ್ದು ಪಿಎಚ್‌ಡಿ ಮಾಡುವವರು ತಮ್ಮ ಲ್ಯಾಪ್‌ಟಾಪಿನಿಂದಲೇ ಅದಕ್ಕೆ ಲೆಕ್ಕ ಕಳಿಸುತ್ತಿದ್ದರು. ಎಲ್ಲಾದರೂ ಸಿಕ್ಕಿಕೊಂಡರೆ ಅಮರನಾಥನಿಗೆ ಫೋನು. ಮದುವೆ ಮನೆಯಲ್ಲಿದ್ದರೂ ಅವನು ಎದ್ದು ಹೊರಗೆ ಹೋಗಿ, ಮೊಬೈಲಿನಲ್ಲೇ ಏನೋ ಕುಟ್ಟಿ, "ಆತು, ಈಗ ನೋಡ್ರಿ" ಅನ್ನುತ್ತಿದ್ದ. ಏನು ಮಾಡಿದೆ ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಫೋನ್ ಮಾಡುತ್ತಿದ್ದವನು ಇಜೇರಿಯ ದೇವಿಂದ್ರಪ್ಪ. ಭೀಮಾ ನದಿಗೆ ಮಹಾಪೂರ ಬಂದರೆ ನೀರು ಯಾವ ಹೊಲದ ತನಕ ಏರುತ್ತದೆ ಎಂಬುದು ಅವನ ಸಂಶೋಧನೆ. "ನೀವಿಲ್ಲಂದ್ರ ನಂದು ಮುಗ್ಯಾಂಗಿಲ್ರಿ ಸರ್" ಎಂದು ಅವನು ಒಮ್ಮೆ ಹೇಳಿದ್ದನ್ನು ಅಮರನಾಥ ಹೆಂಡತಿ ಸುನಿತಾಳಿಗೆ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದ.

ಹೋದ ವರ್ಷ ವಿಶ್ವವಿದ್ಯಾಲಯದವರು ಜೇವರ್ಗಿಯ ಮೆಹನಾಜಳನ್ನು ತರಬೇತಿ ಕೊಡಲಿಕ್ಕೆ ನೇಮಿಸಿದರು. ಆಕೆ ಕಾಲೇಜಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ, ಆ ಯಂತ್ರಕ್ಕೆ ಕೆಲಸ ಹಚ್ಚುವುದು ಹೇಗೆ, ತಪ್ಪಾದರೆ ತಾವೇ ಹುಡುಕುವುದು ಹೇಗೆ ಎಂದು ಕಲಿಸತೊಡಗಿದಳು. ಎರಡು ತಿಂಗಳಲ್ಲಿ ಅಮರನಾಥನ ಫೋನು ಸುಮ್ಮನಾಯಿತು. ಕೆಟ್ಟಿರಬಹುದೆಂದು ಸುನಿತಾಳಿಂದ ಒಂದು ಸಲ ಫೋನ್ ಮಾಡಿಸಿದ. ನೆಟ್ಟಗೇ ಇತ್ತು. ದೇವಿಂದ್ರಪ್ಪ ಕಾರಿಡಾರಿನಲ್ಲಿ ಸಿಕ್ಕಾಗ, "ಏನಪಾ, ಎಲ್ಲಾ ನಡದದೇನು?" ಎಂದು ತಾನೇ ಕೇಳಿದ.

"ಮಸ್ತ್ ನಡದದ್ರಿ ಸರ್. ಮೇಡಂ ಹೇಳಿದ ಮ್ಯಾಲ ಈಗ ನಾನೇ ಮಾಡ್ಕೋತೇನಿ."

ಖುಷಿಯಿಂದ ಹೇಳಿದ ಆ ಮಾತು ಅಮರನಾಥನ ಎದೆಯಲ್ಲಿ ಕಡ್ಡಿ ಗೀರಿದಂತಾಯಿತು. ಆಕೆ ಅಂಥದ್ದೇನು ಕಲಿಸುತ್ತಾಳೆ ನೋಡೇಬಿಡೋಣ ಎಂದು ಅಫಜಲಪುರದ ತರಬೇತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ.

"ಗಾಣಗಾಪುರದಾಗ ಹುಣ್ಣಿವಿ ಗದ್ದಲದಾಗ ಲಾಡ್ಜಿಗೆ ಹೋಗಿ ಇಪ್ಪತ್ತು ಖೋಲಿ ಕೊಡ್ರಿ ಅಂದ್ರ ಏನಾಗ್ತದ?" ಎಂದು ಮೆಹನಾಜ ಕೇಳಿದಳು. "ಕಾಯಬೇಕಾಗ್ತದ್ರಿ" ಎಂದರು ಎಲ್ಲರೂ. "ಎರಡೇ ಸಾಕು ಅಂದ್ರ? ಜಲ್ದಿ ಸಿಗ್ತಾವ. ಇಲ್ಲೀನೂ ಹಂಗ. ಬೇಕಾದಷ್ಟು ಯಂತ್ರ ಕೇಳ್ರಿ, ಸುಮ್ನ ಹೆಚ್ಚಿಗಿ ಕೇಳಬ್ಯಾಡ್ರಿ." ಎಲ್ಲರೂ ನಕ್ಕರು, ಬರೆದುಕೊಂಡರು. ಇಷ್ಟು ವರ್ಷದಲ್ಲಿ ಇಂಥ ಒಂದು ಮಾತು ತನಗೆ ಹೊಳೆದಿರಲಿಲ್ಲ ಎಂದು ಅಮರನಾಥನ ಬಾಯಿ ಕಹಿಯಾಯಿತು.

ಅಷ್ಟರಲ್ಲಿ ಆಕೆ ಒಂದು ಕಡೆ ತಪ್ಪಿದಳು. ಲೆಕ್ಕದ ಫಲಿತಾಂಶ ಮೊದಲು ಬೀಳುವುದು ಒಂದು ತಾತ್ಕಾಲಿಕ ಜಾಗದಲ್ಲಿ. ಅಲ್ಲಿಂದ ಬೇರೆ ಕಡೆ ಎತ್ತಿಡದಿದ್ದರೆ ಕೆಲವು ವಾರಗಳ ಮೇಲೆ ಯಂತ್ರ ತಾನಾಗೇ ಅಳಿಸಿಬಿಡುತ್ತದೆ. ಅಲ್ಲಿ ಬೀಳುತ್ತದೆ ಎಂದು ಹೇಳಿದ ಮೆಹನಾಜ, ಅಳಿಸಿಹೋಗುತ್ತದೆ ಎಂಬುದನ್ನು ಬಿಟ್ಟಳು. ಅಮರನಾಥನ ಕೈ ಅರ್ಧ ಎದ್ದಿತ್ತು. ಇಲ್ಲಿಗೂ ಬಂದಿದ್ದ ದೇವಿಂದ್ರಪ್ಪ ಮುಂದಿನ ಸಾಲಿನಲ್ಲಿ ಕತ್ತು ಅಲ್ಲಾಡಿಸುತ್ತ ಕೇಳುವುದು ಕಾಣಿಸಿತು. ಕೈ ಇಳಿಸಿದ. ಆ ದಿನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವನಿಗೆ ಬಹಳ ದಿನಗಳ ಮೇಲೆ ಹಗುರ ಅನಿಸಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ದೇವಿಂದ್ರಪ್ಪನ ಲೆಕ್ಕವೆಲ್ಲ ಅಳಿಸಿಹೋಯಿತು. ಅವನು ಓಡಿದ್ದು ಮೆಹನಾಜಳ ಹತ್ತಿರ. ಆಕೆ ಓಡಿ ಬಂದದ್ದು ಅಮರನಾಥನ ಹತ್ತಿರ.

"ಹ್ಯಾಂಗರ ಮಾಡಿ ವಾಪಸ್ ತರಾಕ ಬರ್ತದೇನ್ರಿ ಸರ್?"

ಈ ಗಳಿಗೆಗಾಗಿ ಅವನು ಕಾದಿದ್ದ. ತಾನು ಒಂದೆರಡು ಗುಂಡಿ ಒತ್ತಿ ಎಲ್ಲ ತಂದುಕೊಡುವುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದ್ದ. ಆದರೆ ಆ ತಾತ್ಕಾಲಿಕ ಜಾಗದಲ್ಲಿದ್ದದ್ದರ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ. ಅದು ಅವನಿಗೆ ಗೊತ್ತಿದ್ದದ್ದೇ.

"ಬರಾಂಗಿಲ್ಲ" ಎಂದ.

ಮೆಹನಾಜ ಇಜೇರಿಗೆ ಹೋಗಿ, ತಪ್ಪು ತನ್ನದೆಂದು ದೇವಿಂದ್ರಪ್ಪನ ತಾಯಿಯ ಎದುರಿಗೇ ಹೇಳಿಬಂದಳು. ಅದರಿಂದ ಆಕೆಯ ಹೆಸರು ಕೆಡುತ್ತದೆ ಎಂದುಕೊಂಡಿದ್ದ ಅಮರನಾಥ. ಆದದ್ದೇ ಬೇರೆ. "ಮನಿ ತನಕ ಬಂದು ನಂದೇ ತಪ್ಪು ಅಂದ್ರು ನೋಡ್ರಿ ಮೇಡಂ" ಎಂದು ದೇವಿಂದ್ರಪ್ಪ ಕಂಡವರಿಗೆಲ್ಲ ಹೇಳಿದ. ಎಲ್ಲರಿಗೂ ಆಕೆಯ ಮೇಲೆ ಇನ್ನಷ್ಟು ಪ್ರೀತಿ. ತಪ್ಪು ಮಾಡಿದ್ದರಲ್ಲೂ ಆಕೆಯೇ ಗೆದ್ದಳಲ್ಲ ಎಂದು ಅಮರನಾಥನ ಹೊಟ್ಟೆ ಉರಿಯಿತು.

ಮರುದಿನ ಮೆಹನಾಜ ಅವನ ಟೇಬಲ್ ಮುಂದೆ ನಿಂತಳು. "ಸರ್, ಅವತ್ತ ನೀವು ಹಿಂದ ಕುಂತಿದ್ರಿ. ನಾ ಬಿಟ್ಟಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?"

ಇಲ್ಲ ಅನ್ನಬಹುದಿತ್ತು. ಕೇಳಿದ ಆಕೆಯ ಮುಖದಲ್ಲಿ ಅನುಮಾನವೇ ಇರಲಿಲ್ಲ.

"ಗೊತ್ತಾಗಿತ್ತು" ಎಂದ.

"ಆ ಹುಡುಗನ ಮುಖ ನೋಡಿಯಾದ್ರೂ ಹೇಳಬೇಕಿತ್ರಿ" ಎಂದಷ್ಟೇ ಹೇಳಿ ಮೆಹನಾಜ ಹೋದಳು.

ದಸರೆ ರಜೆಯಲ್ಲಿ ಯಂತ್ರ ಖಾಲಿ ಇರುತ್ತದೆ. ಅಮರನಾಥ ಊರಿಗೆ ಹೋಗದೆ ದೇವಿಂದ್ರಪ್ಪನನ್ನು ಕರೆಸಿ ಪಕ್ಕದಲ್ಲಿ ಕೂಡಿಸಿಕೊಂಡ. ಮಹಾಪೂರದ ಲೆಕ್ಕವನ್ನೆಲ್ಲ ಮೊದಲಿನಿಂದ ಹಚ್ಚಿದರು. ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಜೆ ಮುಗಿಯುವುದರೊಳಗೆ ಫಲಿತಾಂಶ ಬಂತು, ಎತ್ತಿಡಬೇಕಾದ ಕಡೆ ಎತ್ತಿಟ್ಟರು.

ಆಮೇಲೆ ಆಳಂದದ ತರಬೇತಿಯಲ್ಲಿ, ಫಲಿತಾಂಶ ಕಾಯ್ದಿಡುವ ಪಾಠವನ್ನು ತಾನು ಹೇಳುತ್ತೇನೆಂದು ಅಮರನಾಥನೇ ಕೇಳಿದ. ಮೆಹನಾಜ ಒಪ್ಪಿದಳು. ಅವನು ಗಡಿಬಿಡಿಯಲ್ಲಿ ಹೇಳಿದ; ಒಬ್ಬಾಕೆ ಎದ್ದು, "ಸಾವಕಾಶ ಹೇಳ್ರಿ ಸರ್" ಎಂದಳು. ಚಹಾದ ಹೊತ್ತಿಗೆ ಎಲ್ಲರೂ ಮೆಹನಾಜಳನ್ನೇ ಸುತ್ತುಗಟ್ಟಿದರು. ಅಮರನಾಥ ಕಪ್ಪು ಹಿಡಿದು ಕಿಟಕಿಯ ಹತ್ತಿರ ನಿಂತ. ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಎದ್ದರೂ, ಮಾತಿನ ನಡುವೆ ಆಕೆ ಯಂತ್ರಕ್ಕೆ ಕೊಡುವ ಒಂದು ಆದೇಶವನ್ನು ತಪ್ಪಾಗಿ ಹೇಳಿದ್ದು ಕಿವಿಗೆ ಬಿದ್ದಾಗ ಅಲ್ಲಿಂದಲೇ ಕೂಗಿ ತಿದ್ದಿದ.

ಮನೆಗೆ ಬಂದಾಗ ಸುನಿತಾ, "ಹ್ಯಾಂಗಾತ್ರಿ ಕ್ಲಾಸು?" ಎಂದು ಕೇಳಿದಳು.

"ಆಕಿದು ಛಲೋ ಆತು."

"ನಿಮ್ದು?"

"ಮುಂದಿನ ಸಲ ಜೇವರ್ಗಿದಾಗ ಇದಕಿಂತ ಛಲೋ ಮಾಡ್ತೇನಿ" ಎಂದು ಅಮರನಾಥ ಕೈಕಾಲು ತೊಳೆಯಲು ಹೋದ.